ಶಸ್ತ್ರಚಿಕಿತ್ಸೆಯ ನಂತರ ಮನೆಯೊಳಗೆ ಯಾವ ಪಾದರಕ್ಷೆ?



ಗೊಬ್ಬರ, ಕೊಳೆರೋಗ, ಕಾಂಡಕೊರಕ, ಧಾರಣೆ ಮುಂತಾದ ವಿಷಯಗಳನ್ನೇ ನಾವು ಈ ಪುಟಗಳಲ್ಲಿ ಹೆಚ್ಚಾಗಿ ಬರೆಯುತ್ತೇವೆ. ಈ ಸಲ ಮನೆಯೊಳಗಿನ ಒಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಅಡಿಕೆ ಮರದಿಂದ ಬಿದ್ದು ಕಾಲಿಗೆ ರಾಡು ಹಾಕಿಸಿಕೊಂಡವರು, ಮಂಡಿ ಅಥವಾ ಸೊಂಟದ ಕೀಲು ಬದಲಾಯಿಸಿಕೊಂಡವರು, ಹರ್ನಿಯಾ ಅಥವಾ ಕಣ್ಣಿನ ಪೊರೆಯ ಆಪರೇಷನ್ ಆದವರು ನಮ್ಮ ಸದಸ್ಯರ ಮನೆಗಳಲ್ಲಿ ಈಗ ಅಪರೂಪವಲ್ಲ. ಮಂಗಳೂರು, ಮಣಿಪಾಲ, ಶಿವಮೊಗ್ಗ, ಹಾಸನಗಳಿಗೆ ಹೋಗಿ ದೊಡ್ಡ ಮೊತ್ತ ಖರ್ಚು ಮಾಡಿ ಚಿಕಿತ್ಸೆ ಮಾಡಿಸಿಕೊಂಡು ಬರುತ್ತೇವೆ. ಔಷಧಿ, ಪಥ್ಯ, ಊರುಗೋಲು ಎಲ್ಲವನ್ನೂ ವಿಚಾರಿಸುತ್ತೇವೆ. ಆದರೆ ರೋಗಿಯು ಮನೆಯೊಳಗೆ ಏನನ್ನು ಮೆಟ್ಟಿ ನಡೆಯಬೇಕು ಎಂಬುದನ್ನು ವಿಚಾರಿಸುವವರು ಕಡಿಮೆ.

ನಮಗೆ ಪರಿಚಯದ ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿಗೆ ಸೊಂಟದ ಮೂಳೆಯ ಆಪರೇಷನ್ ಚೆನ್ನಾಗಿಯೇ ಆಯಿತು. ಮಳೆಗಾಲದಲ್ಲಿ ಕಾಲು ತಣ್ಣಗಾಗುತ್ತದೆಂದು ಮೊಮ್ಮಗಳು ಉಣ್ಣೆಯ ಕಾಲುಚೀಲ ತೊಡಿಸಿದಳು. ರಾತ್ರಿ ಬಚ್ಚಲಿಗೆ ಹೊರಟಾಗ ಕೆಂಪು ಗಾರೆಯ ನೆಲದ ಮೇಲೆ ಆ ಕಾಲುಚೀಲವೇ ಜಾರಿತು. ಮತ್ತೆ ಆಸ್ಪತ್ರೆ, ಮತ್ತೆ ಶಸ್ತ್ರಚಿಕಿತ್ಸೆ. ಅಜ್ಜಿ ಆಮೇಲೆ ಊರುಗೋಲಿಲ್ಲದೆ ನಡೆಯಲಿಲ್ಲ. ಮೊಮ್ಮಗಳ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಬೆಚ್ಚಗಿರುವುದು ಬೇರೆ, ಜಾರದಿರುವುದು ಬೇರೆ ಎಂಬ ತಿಳಿವಳಿಕೆ ಮಾತ್ರ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಈ ಪಾಠದ ಸಾರವೂ ಅಷ್ಟೇ.

ಕಾಲು ಏಕೆ ತಣ್ಣಗಾಗುತ್ತದೆ?

ಅರಿವಳಿಕೆ ಕೊಟ್ಟಾಗ ದೇಹದ ಶಾಖ ಇಳಿಯುತ್ತದೆ. ಅದು ಕೆಲವು ಗಂಟೆಗಳ ಮಾತು. ಮನೆಗೆ ಬಂದ ಮೇಲೂ ಕಾಲು ತಣ್ಣಗಿರಲು ಬೇರೆ ಕಾರಣಗಳಿವೆ. ನಡೆದಾಡುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುತ್ತವೆ. ಮಲಗಿಯೇ ಇದ್ದರೆ ಆ ಕೆಲಸ ನಿಧಾನವಾಗುತ್ತದೆ. ರಕ್ತಹೀನತೆ, ವೃದ್ಧಾಪ್ಯ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟಿನ ಚಟ ಇವೆಲ್ಲವೂ ಸೇರಿಕೊಳ್ಳುತ್ತವೆ. ಇದರ ಮೇಲೆ ನಮ್ಮ ಮಲೆನಾಡಿನ ಮನೆಗಳ ನೆಲ ಬೇರೆ. ಆರಿದ್ರಾ, ಪುನರ್ವಸು ಮಳೆಗಳಲ್ಲಿ ಗಾರೆಯ ನೆಲ ಬೆವರಿದಂತೆ ಒದ್ದೆಯಾಗಿರುತ್ತದೆ. ಮಾಗಿಯಲ್ಲಿ ಬೆಳಗಿನ ಜಾವ ಕಾಲಿಡಲಾಗದಷ್ಟು ತಣ್ಣಗಿರುತ್ತದೆ. ಆದುದರಿಂದ ರೋಗಿಗೆ ಬೆಚ್ಚನೆಯ ಪಾದರಕ್ಷೆ ಬೇಕೆಂಬುದು ಸರಿಯೇ. ಆದರೆ ಮೊದಲು ನೋಡಬೇಕಾದುದು ಅದರ ಹಿಡಿತ.

ಬಳಸಬಾರದವು

1. ಬರೀ ಕಾಲುಚೀಲ. ನುಣುಪು ನೆಲದ ಮೇಲೆ ಇದರಷ್ಟು ಅಪಾಯಕಾರಿ ಇನ್ನೊಂದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಆಸ್ಪತ್ರೆಯಲ್ಲಿ ತೊಡಿಸುವ ಬಿಗಿಯಾದ ಉದ್ದ ಕಾಲುಚೀಲವೂ ಜಾರುತ್ತದೆ. ಅದರ ಮೇಲೆ ಪಾದರಕ್ಷೆ ಹಾಕಿಯೇ ನಡೆಯತಕ್ಕದ್ದು.

2. ಹವಾಯಿ ಚಪ್ಪಲಿ. ಹಿಮ್ಮಡಿಗೆ ಹಿಡಿತವಿಲ್ಲದ ಕಾರಣ ಅದನ್ನು ಬೆರಳುಗಳಿಂದ ಕಚ್ಚಿ ಹಿಡಿದು ಕಾಲೆಳೆಯುತ್ತಾ ನಡೆಯಬೇಕಾಗುತ್ತದೆ. ಹೊಸ್ತಿಲು ದಾಟುವಾಗ ಮುಂತುದಿ ಸಿಕ್ಕಿ ಮುಗ್ಗರಿಸುವುದೂ ಉಂಟು. ಸವೆದ ಅಟ್ಟೆಯ ಚಪ್ಪಲಿ ಒದ್ದೆ ನೆಲದಲ್ಲಿ ಸೋಪಿನಂತೆ ಜಾರುತ್ತದೆ.

3. ಹಿಂಭಾಗವಿಲ್ಲದ ಮೆತ್ತನೆಯ ಬಟ್ಟೆಯ ಸ್ಲಿಪ್ಪರ್. ನೋಡಲು ಬೆಚ್ಚಗೆ ಕಾಣುತ್ತದೆ. ಹಿಮ್ಮಡಿ ಹೊರಗೆ ಜಾರುತ್ತಿರುತ್ತದೆ.

4. ಸ್ಪಂಜಿನಂತೆ ದಪ್ಪ ಅಟ್ಟೆಯದು. ನೆಲ ಎಲ್ಲಿದೆ ಎಂಬುದು ಪಾದಕ್ಕೆ ತಿಳಿಯಬೇಕು. ಅತಿ ಮೆದುವಾದ ಅಟ್ಟೆಯ ಮೇಲೆ ವಯಸ್ಸಾದವರ ಸಮತೋಲನ ತಪ್ಪುತ್ತದೆ.

ಹಾಗಾದರೆ ಬರಿಗಾಲೇ ವಾಸಿಯಲ್ಲವೇ ಎಂದು ಕೇಳಬಹುದು. ಮನೆಯೊಳಗೆ ಬರಿಗಾಲಲ್ಲಿ ಅಥವಾ ಬರೀ ಕಾಲುಚೀಲದಲ್ಲಿ ನಡೆಯುವ ವೃದ್ಧರು ಬೀಳುವ ಸಂಭವ ಹೆಚ್ಚೆಂದು ಅಧ್ಯಯನಗಳಲ್ಲಿ ಕಂಡುಬಂದಿದೆ. ಗಟ್ಟಿಮುಟ್ಟಾದವರಿಗೆ ಬರಿಗಾಲು ಅಭ್ಯಾಸವಾಗಿರಬಹುದು. ಈಗಷ್ಟೇ ಹಾಸಿಗೆಯಿಂದ ಎದ್ದವರ ಲೆಕ್ಕ ಬೇರೆ.

ಆರಿಸುವ ಕ್ರಮ

ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಕೆಳಗಿನ ಪರೀಕ್ಷೆಗಳನ್ನು ಮಾಡಿರಿ.

ಹಿಮ್ಮಡಿ: ಹಿಂಭಾಗ ಮುಚ್ಚಿರಬೇಕು, ಇಲ್ಲವೇ ಗಟ್ಟಿ ಪಟ್ಟಿಯಿರಬೇಕು. ಮುಚ್ಚಿದ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ಕುಸಿಯಬಾರದು.

ಅಟ್ಟೆ: ಕೆಳಭಾಗದಲ್ಲಿ ಗೀರುಗಳಿರುವ ರಬ್ಬರು ಒಳ್ಳೆಯದು. ಬಗ್ಗಿಸಿದಾಗ ಬೆರಳುಗಳ ಬುಡದಲ್ಲಿ ಬಾಗಬೇಕು, ನಡುವಿನಲ್ಲಿ ಮಡಚಿಕೊಳ್ಳಬಾರದು. ಹಿಮ್ಮಡಿಯ ಎತ್ತರ ಒಂದು ಅಂಗುಲ ಮೀರಬಾರದು, ಅಗಲವಾಗಿರಬೇಕು.

ಕಟ್ಟು: ಆಪರೇಷನ್ ಆದ ಕಾಲು ಸಂಜೆಯ ಹೊತ್ತಿಗೆ ಊದಿಕೊಳ್ಳುತ್ತದೆ. ಆದುದರಿಂದ ಮೇಲೆ ವೆಲ್ಕ್ರೋ ಪಟ್ಟಿಯಿದ್ದು, ಸಡಿಲಿಸಲು ಬಿಗಿಯಲು ಬರುವಂತಿದ್ದರೆ ಅನುಕೂಲ. ದಾರ ಕಟ್ಟುವ ಶೂ ಬೇಡ. ಬಗ್ಗಿ ಕಟ್ಟುವುದು ಕಷ್ಟ, ಬಿಚ್ಚಿದ ದಾರ ಕಾಲಿಗೆ ತೊಡರುತ್ತದೆ.

ಅಳತೆ: ಕಾಲುಚೀಲ ಹಾಕಿ ನಿಂತಾಗ ಉದ್ದನೆಯ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗವಿರಬೇಕು. ರೋಗಿಯನ್ನು ಪೇಟೆಗೆ ಕರೆದೊಯ್ಯಲಾಗದಿದ್ದರೆ, ಸಂಜೆಯ ಹೊತ್ತು ಒಬ್ಬರು ಹಿಡಿದುಕೊಂಡು ನಿಲ್ಲಿಸಿ ಎರಡೂ ಪಾದಗಳ ಸುತ್ತ ಕಾಗದದ ಮೇಲೆ ಗೆರೆ ಎಳೆಯಿರಿ. ಆ ಕಾಗದವನ್ನು ಕತ್ತರಿಸಿ ಅಂಗಡಿಗೆ ಒಯ್ದು, ಪಾದರಕ್ಷೆಯೊಳಗೆ ಮಡಚದೆ ಕೂರುತ್ತದೆಯೇ ನೋಡಿರಿ. ದಿನ ಗೊತ್ತುಮಾಡಿದ ಆಪರೇಷನ್ ಆದರೆ ಮೊದಲೇ ಕೊಂಡು ಒಂದು ವಾರ ಹಾಕಿ ನಡೆದು ನೋಡುವುದು ಉತ್ತಮ. ಊತಕ್ಕೆ ಜಾಗವಿರುವುದನ್ನೇ ಕೊಳ್ಳಿರಿ.

ಬೆಚ್ಚಗಿನ ವ್ಯವಸ್ಥೆ: ಹಿಡಿತವು ಅಟ್ಟೆಯಿಂದ ಬರಲಿ, ಶಾಖವು ಒಳಗಿನ ಹತ್ತಿ ಅಥವಾ ಉಣ್ಣೆಯ ಕಾಲುಚೀಲದಿಂದ ಬರಲಿ. ಎರಡನ್ನೂ ಒಂದರಿಂದಲೇ ನಿರೀಕ್ಷಿಸಿದಾಗಲೇ ತೊಂದರೆಯಾಗುವುದು. ಎರಡು ಮೂರು ಜೊತೆ ಕಾಲುಚೀಲವಿದ್ದರೆ ಒದ್ದೆಯಾದುದನ್ನು ಕೂಡಲೇ ಬದಲಾಯಿಸಬಹುದು. ಕೆಳಗೆ ರಬ್ಬರಿನ ಚುಕ್ಕೆಗಳಿರುವ ಕಾಲುಚೀಲಗಳೂ ಈಗ ಸಿಗುತ್ತವೆ. ರಾತ್ರಿ ಮಲಗುವಾಗ ಅವು ಸರಿ. ನಡೆದಾಡಲು ಪಾದರಕ್ಷೆಯೇ ಬೇಕು.

ಜೊತೆ: ಎರಡೂ ಕಾಲಿಗೆ ಒಂದೇ ಜೊತೆ ಹಾಕಿರಿ. ಒಂದು ಕಾಲಿಗೆ ದಪ್ಪ ಅಟ್ಟೆ, ಇನ್ನೊಂದು ಬರಿಗಾಲು ಎಂದಾದರೆ ಸೊಂಟ ವಾಲುತ್ತದೆ. ಊರುಗೋಲಿನ, ವಾಕರಿನ ಎತ್ತರವನ್ನೂ ಅದೇ ಪಾದರಕ್ಷೆ ಹಾಕಿಕೊಂಡೇ ಹೊಂದಿಸಬೇಕು. ಪಾದಕ್ಕೇ ಶಸ್ತ್ರಚಿಕಿತ್ಸೆ ಆಗಿದ್ದರೆ ವೈದ್ಯರು ಹೇಳಿದ ಪಾದರಕ್ಷೆಯ ಹೊರತು ಬೇರೆ ಬಳಸಬಾರದು.

ಬಗ್ಗಲಾಗದವರಿಗೆ

ಸೊಂಟದ ಕೀಲು ಬದಲಾಯಿಸಿದ ಮೇಲೆ ಮೊದಲ ಕೆಲವು ವಾರ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದೆಂದು ಅನೇಕ ವೈದ್ಯರು ಹೇಳುತ್ತಾರೆ. ಹೊಟ್ಟೆಯ ಆಪರೇಷನ್ ಆದವರಿಗೂ ಬಗ್ಗಿದರೆ ಹೊಲಿಗೆ ಎಳೆಯುತ್ತದೆ. ಇಂಥವರು ಎತ್ತರದ ಕುರ್ಚಿಯಲ್ಲಿ ಕುಳಿತು, ಉದ್ದ ಹಿಡಿಯ ಶೂ ಹಾರ್ನ್ ಸಹಾಯದಿಂದ ಹಿಮ್ಮಡಿಯನ್ನು ಒಳಗೆ ಜಾರಿಸಬೇಕು, ಇಲ್ಲವೇ ಮನೆಯವರು ತೊಡಿಸಬೇಕು. ನಿಂತುಕೊಂಡು ಒಂಟಿ ಕಾಲಲ್ಲಿ ಮೆಟ್ಟುವ ಅಭ್ಯಾಸ ಯಾರಿಗೂ ಬೇಡ.

ಸಕ್ಕರೆ ಕಾಯಿಲೆಯವರಿಗೆ

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಉಜ್ಜಿದ್ದು, ಸುಟ್ಟಿದ್ದು ತಿಳಿಯುವುದಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ 1946ರಲ್ಲಿ ಬಂದ ಡಾ. ಪಾಲ್ ಬ್ರಾಂಡ್ ಅವರು ಕುಷ್ಠರೋಗಿಗಳ ಪಾದದ ಹುಣ್ಣಿಗೆ ಮುಖ್ಯ ಕಾರಣ ನೋವಿನ ಅರಿವಿಲ್ಲದಿರುವುದೇ ಎಂದು ತೋರಿಸಿಕೊಟ್ಟರು. ಅಂಥ ಪಾದಗಳಿಗಾಗಿ ಬಳಕೆಗೆ ಬಂದ ಎಂ.ಸಿ.ಆರ್. ಚಪ್ಪಲಿ ಇಂದು ಸಕ್ಕರೆ ಕಾಯಿಲೆಯವರಿಗೂ ಸಿಗುತ್ತದೆ. ಒಳಗಡೆ ಮೆತ್ತನೆಯ ರಬ್ಬರು, ಹೊರಗಡೆ ಗಟ್ಟಿ ಅಟ್ಟೆ, ಹಿಮ್ಮಡಿಗೆ ಪಟ್ಟಿ ಇರುವುದನ್ನು ಕೇಳಿ ಪಡೆಯಿರಿ.

ತಣ್ಣಗಿನ ಕಾಲಿಗೆ ಬಿಸಿನೀರಿನ ಚೀಲ ಇಡುವುದು, ಕೆಂಡದ ಮುಂದೆ ಅಥವಾ ಬಚ್ಚಲೊಲೆಯ ಬಾಯಿಗೆ ಕಾಲು ಚಾಚುವುದು ಇವರಿಗೆ ಸಲ್ಲದು. ಅರಿವಳಿಕೆಯ ಜೋಮು ಪೂರ್ತಿ ಬಿಡದವರಿಗೂ ಇದೇ ಮಾತು. ಬೊಬ್ಬೆ ಎದ್ದ ಮೇಲಷ್ಟೇ ತಿಳಿಯುತ್ತದೆ. ದಿನಕ್ಕೊಮ್ಮೆ ಯಾರಾದರೂ ಅಂಗಾಲನ್ನು, ಬೆರಳ ಸಂದುಗಳನ್ನು ಬೆಳಕಿನಲ್ಲಿ ನೋಡಬೇಕು.

ಮಡಿ ಮತ್ತು ಮನೆಯ ಪದ್ಧತಿ

ಮೆಟ್ಟು ಜಗಲಿಯಿಂದ ಒಳಗೆ ಬರಬಾರದೆಂಬುದು ನಮ್ಮ ಹಿರಿಯರ ಕ್ರಮ. ತೋಟದ ಕೆಸರು, ಸಗಣಿ, ಮದ್ದಿನ ಅಂಶ ಒಳಗೆ ಬರಬಾರದೆಂಬ ಒಳ್ಳೆಯ ಕಾರಣವೂ ಅದಕ್ಕಿದೆ. ರೋಗಿಯ ಪಾದರಕ್ಷೆ ಹೊಸತಾಗಿದ್ದು ಅಂಗಳಕ್ಕೆ ಇಳಿಯದೆ ಒಳಗೇ ಇದ್ದರೆ ಆ ಕ್ರಮಕ್ಕೂ ಭಂಗವಿಲ್ಲ. ವಾರಕ್ಕೊಮ್ಮೆ ಅಟ್ಟೆ ತೊಳೆದರಾಯಿತು. ದೇವರ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಟ್ಟರೆ ಅಜ್ಜ ಅಲ್ಲಿಯೇ ಕುಳಿತು ಕೈ ಮುಗಿಯಬಹುದು. ಇದನ್ನು ಮನೆಯ ಹಿರಿಯರೇ ಬಾಯಿಬಿಟ್ಟು ಹೇಳಬೇಕು. ಇಲ್ಲವಾದರೆ ಸೊಸೆಯಂದಿರು ಹೇಳಲು ಹಿಂಜರಿಯುತ್ತಾರೆ, ರೋಗಿಯು ಸಂಕೋಚಪಟ್ಟು ಬರಿಗಾಲಲ್ಲೇ ನಡೆಯುತ್ತಾರೆ.

ಬಚ್ಚಲಿಗೆ ಪ್ರತ್ಯೇಕವಾಗಿ ಹಿಮ್ಮಡಿ ಪಟ್ಟಿಯ ರಬ್ಬರ್ ಸ್ಯಾಂಡಲ್ ಇರಲಿ. ಅದನ್ನು ಬಾಗಿಲಲ್ಲಿ ಕುರ್ಚಿಯ ಮೇಲೆ ಕುಳಿತು ಬದಲಾಯಿಸಿಕೊಳ್ಳಲಿ. ಒದ್ದೆ ಅಟ್ಟೆಯಲ್ಲಿ ನಡುಮನೆಗೆ ಬರಬಾರದು. ನೆಲ ಒರೆಸಿದ ಮೇಲೆ ಪೂರ್ತಿ ಒಣಗುವವರೆಗೆ ರೋಗಿಯನ್ನು ಏಳಿಸಬೇಡಿ. ಮಂಚದ ಪಕ್ಕ ಪಾದರಕ್ಷೆ, ಊರುಗೋಲು, ಟಾರ್ಚು ಮೂರೂ ಕೈಗೆಟುಕುವಂತಿರಲಿ. ಮಳೆಗಾಲದಲ್ಲಿ ಕರೆಂಟು ಹೋಗುವುದು ನಮಗೆ ಹೊಸದಲ್ಲ. ಮೆಟ್ಟುವ ಮೊದಲು ಒಳಗೆ ಚೇಳು, ಜರಿ ಸೇರಿಲ್ಲವೆಂದು ಕೊಡವಿ ನೋಡಿರಿ. ಒದ್ದೆಯಾದರೆ ಗಾಳಿಯಲ್ಲಿ ಒಣಗಿಸಿ; ಒಲೆಯ ಹತ್ತಿರ ಇಟ್ಟರೆ ಅಟ್ಟೆಯ ಅಂಟು ಬಿಡುತ್ತದೆ.

ಪಾದರಕ್ಷೆಯಿಂದ ಸರಿಹೋಗದ ಲಕ್ಷಣಗಳು

ಎರಡೂ ಕಾಲು ಸ್ವಲ್ಪ ತಣ್ಣಗಿದ್ದರೆ ಕಾಲುಚೀಲ ಸಾಕು. ಆದರೆ ಒಂದೇ ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ ಅಥವಾ ನೀಲಿಗಟ್ಟಿ, ಬಹಳ ನೋಯುತ್ತಿದ್ದರೆ ರಕ್ತಸಂಚಾರ ನಿಂತಿರಬಹುದು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಬಾರದು. ಎದೆನೋವು, ಉಸಿರಾಟದ ತೊಂದರೆ ಕಾಣಿಸಿಕೊಂಡರಂತೂ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೊರಡತಕ್ಕದ್ದು.

ಕೊನೆಯ ಮಾತು

ಲೈನ್ ಮನೆಗಳಲ್ಲಿರುವ ನಮ್ಮ ಕೆಲಸದವರನ್ನೂ, ಕೊನೆ ಕೊಯ್ಯುವವರನ್ನೂ ಇಲ್ಲಿ ನೆನೆಯಬೇಕು. ಮರದಿಂದ ಬಿದ್ದವರ ಆಸ್ಪತ್ರೆಯ ಖರ್ಚು ನೋಡಿಕೊಳ್ಳುವ ಸದಸ್ಯರು, ಅವರು ಮನೆಗೆ ಮರಳುವ ದಿನ ಒಂದು ಜೊತೆ ಒಳ್ಳೆಯ ಪಾದರಕ್ಷೆಯನ್ನೂ ಕೊಡಿಸಲಿ. ಆಸ್ಪತ್ರೆಯ ಬಿಲ್ಲಿನ ಮುಂದೆ ಅದರ ಬೆಲೆ ಏನೇನೂ ಅಲ್ಲ. ಸಸಿ ನೆಟ್ಟು ನೆರಳು ಮಾಡದೆ ಬಿಡುವ ಬೆಳೆಗಾರ ನಮ್ಮಲ್ಲಿಲ್ಲ. ಕೂಡಿಸಿದ ಮೂಳೆಗೂ ಅಷ್ಟು ಕಾಳಜಿ ಸಲ್ಲಬೇಕು. ಈ ಮಳೆಗಾಲಕ್ಕೆ ಮುಂಚೆ ಪ್ರತಿಯೊಬ್ಬ ಸದಸ್ಯರೂ ತಮ್ಮ ಮನೆಯ ಹಿರಿಯರ ಚಪ್ಪಲಿಯನ್ನು ಒಮ್ಮೆ ತಿರುಗಿಸಿ ಅಟ್ಟೆ ನೋಡಬೇಕೆಂದು ನಾವು ಕೋರುತ್ತೇವೆ.

– ಕಾರ್ಯದರ್ಶಿ