ಕೆಂಪು ಹುಳು ಕಡಿಮೆಯಾದರೆ ಕೆರೆ ಶುದ್ಧವಾಯಿತೇ?

ತರಗತಿ: 9. ಪಾಠದ ವಿಷಯ: ಕೆರೆಯ ತಳದಲ್ಲಿ ವಾಸಿಸುವ ಅಕಶೇರುಕಗಳು ಮತ್ತು ಋತುಗಳಿಗೆ ತಕ್ಕಂತೆ ಅವುಗಳ ಸಂಖ್ಯೆಯಲ್ಲಾಗುವ ಏರಿಳಿತ.

ಕಳೆದ ಫೆಬ್ರವರಿಯಲ್ಲಿ, ಈ ಮಕ್ಕಳು ಎಂಟನೆಯ ತರಗತಿಯಲ್ಲಿದ್ದಾಗ, ಶಾಲೆಯ ಪಕ್ಕದ ಕೆರೆಯ ಅಂಚಿನಿಂದ ಒಂದು ಡಬ್ಬ ಕೆಸರು ತಂದು, ಜರಡಿಯಲ್ಲಿ ತೊಳೆದು ಬಿಳಿ ತಟ್ಟೆಗೆ ಸುರಿದಿದ್ದೆ. ಎಣಿಸಲಾಗದಷ್ಟು ಕೆಂಪು ಹುಳುಗಳಿದ್ದವು. ಈ ಅಕ್ಟೋಬರಿನಲ್ಲಿ ಅದೇ ಡಬ್ಬ, ಅದೇ ಜರಡಿ. ಸಿಕ್ಕಿದ್ದು ಏಳು. "ಮಿಸ್, ಮಳೆ ಬಂದು ಕೆರೆ ಕ್ಲೀನ್ ಆಯ್ತು" ಎಂದಳು ಮುಂದಿನ ಬೆಂಚಿನ ಹುಡುಗಿ. ನಾನು ಅದನ್ನೇ ಕಪ್ಪುಹಲಗೆಯ ಮೇಲೆ ಬರೆದುಬಿಟ್ಟೆ.

ಆ ಹುಳುಗಳಲ್ಲಿ ಎರಡು ಬಗೆ. ಒಂದು, ಸೊಳ್ಳೆಯಂತೆ ಕಂಡರೂ ಕಚ್ಚದ ಕೈರೊನೊಮಸ್ ನೊಣದ ಲಾರ್ವ. ಇನ್ನೊಂದು, ತಲೆಯನ್ನು ಕೆಸರಿನಲ್ಲಿ ಹುದುಗಿಸಿ ಬಾಲವನ್ನು ನೀರಿನಲ್ಲಿ ಆಡಿಸುವ ಟ್ಯೂಬಿಫೆಕ್ಸ್. ಇದು ಎರೆಹುಳುವಿನ ಬಂಧು. ಎರಡರಲ್ಲೂ ಹಿಮೋಗ್ಲೋಬಿನ್ ಇರುವುದರಿಂದ ಕೆಂಪು. ಚರಂಡಿ ನೀರು ಮತ್ತು ಹೊಲದ ಗೊಬ್ಬರದಿಂದ ಸಾರಜನಕ, ರಂಜಕಗಳು ಕೆರೆ ಸೇರಿದಾಗ ಪಾಚಿ ದಟ್ಟವಾಗಿ ಬೆಳೆಯುತ್ತದೆ. ಸತ್ತ ಪಾಚಿ ತಳಕ್ಕಿಳಿದು ಕೊಳೆಯುವಾಗ ಅಲ್ಲಿನ ಆಮ್ಲಜನಕ ಖರ್ಚಾಗುತ್ತದೆ. ಬೇರೆ ಹಲವು ಜೀವಿಗಳು ಉಸಿರುಗಟ್ಟುವ ಆ ಜಾಗದಲ್ಲಿ ಇವಕ್ಕೆ ಊಟವೂ ಉಂಟು, ಪೈಪೋಟಿಯೂ ಕಡಿಮೆ. ಆದರೆ ಕಡು ಬೇಸಿಗೆಯಲ್ಲಿ ನೀರು ಬೆಚ್ಚಗಾಗಿ ಆಮ್ಲಜನಕ ಪೂರ್ತಿ ಬತ್ತಿದರೆ ಇವೂ ಬಹುಕಾಲ ತಾಳಲಾರವು.

ಹಾಗಾದರೆ ಅಕ್ಟೋಬರಿನಲ್ಲಿ ಹುಳು ಎಲ್ಲಿ ಹೋದವು? ಮಳೆ ನೀರಿನ ರಭಸ ಕೆಸರನ್ನು ಕೊಚ್ಚಿರಬಹುದು, ಹೊಸ ಹೂಳು ಮುಚ್ಚಿರಬಹುದು. ಕೈರೊನೊಮಸ್ ಲಾರ್ವಗಳು ಪ್ಯೂಪಗಳಾಗಿ, ರೆಕ್ಕೆ ಬಂದು ಹಾರಿಹೋಗಿದ್ದರೂ ತಟ್ಟೆ ಖಾಲಿಯಾಗುತ್ತದೆ. ಇದನ್ನು ಹೇಳುತ್ತಿದ್ದಂತೆ ಒಬ್ಬ, "ನಮ್ಮನೆ ಟ್ಯೂಬ್‌ಲೈಟ್ ತುಂಬಾ ಅವೇ ಇರ್ತಾವೆ ಮಿಸ್, ಬೆಳಗ್ಗೆ ಪೊರಕೆಲಿ ಗುಡಿಸಬೇಕು" ಎಂದ. ನನ್ನ ಪಾಠಯೋಜನೆಯಲ್ಲಿ ಇಲ್ಲದ ಈ ಉದಾಹರಣೆ ಚಾರ್ಟಿಗಿಂತ ಚೆನ್ನಾಗಿ ಕೆಲಸ ಮಾಡಿತು.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಹಿಂದಿನ ಬೆಂಚಿನ ಹುಡುಗ ಎದ್ದು ಕೇಳಿದ: "ಮಿಸ್, ನೀವು ಈ ಸಲ ಮಣ್ಣು ತೆಗೆದದ್ದು ನಾವು ಕ್ರಿಕೆಟ್ ಆಡ್ತಿದ್ದ ಜಾಗದಲ್ಲಲ್ವಾ?"

ಹೌದು. ಎರಡೂ ಸಲ ನಾನು ನೀರಿನ ಅಂಚಿನಲ್ಲೇ ತೆಗೆದಿದ್ದೆ. ಆದರೆ ಕೆರೆ ತುಂಬಿ ಅಂಚು ಮೇಲೇರಿತ್ತು. ಫೆಬ್ರವರಿಯ ಕೆಸರು ಈಗ ಆಳದಲ್ಲಿತ್ತು. ಅಕ್ಟೋಬರಿನ ಮಣ್ಣು, ಮೊನ್ನೆ ಮೊನ್ನೆಯವರೆಗೆ ಒಣಗಿದ್ದ ಬಯಲು. ಎರಡು ಬೇರೆ ಜಾಗಗಳನ್ನು ಹೋಲಿಸಿ ಋತುವಿನ ಬಗ್ಗೆ ಮಾತನಾಡುತ್ತಿದ್ದೆ! ಹಿಂದೆ ಕುಳಿತಿದ್ದ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಕಪ್ಪುಹಲಗೆಯ ಆ ವಾಕ್ಯವನ್ನು ಆ ಹುಡುಗನ ಕೈಯಲ್ಲೇ ಅಳಿಸಿದೆ.

ಈಗ ತೂಬಿನ ಕಲ್ಲನ್ನು ಗುರುತಾಗಿ ಇಟ್ಟುಕೊಂಡಿದ್ದೇವೆ. ಅಲ್ಲಿಂದ ಅಳೆದ ಒಂದೇ ಜಾಗದಲ್ಲಿ, ಉದ್ದ ಬಿದಿರಿಗೆ ಡಬ್ಬ ಕಟ್ಟಿ, ತಿಂಗಳಿಗೊಮ್ಮೆ ನಾನು ಕೆಸರು ತೆಗೆಯುತ್ತೇನೆ. ಮಕ್ಕಳು ಹುಳು ಎಣಿಸಿ, ನೀರಿನ ಆಳ, ಉಷ್ಣತೆ, ಆ ವಾರದ ಮಳೆ ಮೂರನ್ನೂ ಅದೇ ಸಾಲಿನಲ್ಲಿ ಬರೆಯುತ್ತಾರೆ. ನವೆಂಬರಿನ ಸಾಲು ತುಂಬಿದೆ.