ಲೀಗ್ ಪಂದ್ಯ ನೋಡಲು ಹೊರಟಿರಾ? ಮೊದಲು ಮರಳುವ ರೈಲು ಹುಡುಕಿ

ಮಳೆಗಾಲ ಕಳೆದರೆ ಸಾಕು, ಮಂಜೇಶ್ವರದಿಂದ ಬದಿಯಡ್ಕದವರೆಗೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟದ ಫ್ಲೆಕ್ಸ್‌ಗಳು ಏಳುತ್ತವೆ. ಪ್ರೊ ಕಬಡ್ಡಿಯಲ್ಲಿ ತೆಲುಗು ಟೈಟನ್ಸ್ ತಂಡದ ಕೋಚ್ ಆಗಿದ್ದ ಜಗದೀಶ್ ಕುಂಬಳೆ ಈ ನೆಲದವರು. ಕಾಸರಗೋಡು ಜಿಲ್ಲೆಯ ದಕ್ಷಿಣ ತುದಿಯ ತೃಕ್ಕರಿಪುರಕ್ಕೆ ಫುಟ್‌ಬಾಲೇ ಉಸಿರು. 2016ರ ಡಿಸೆಂಬರ್ 18ರಂದು ಕೊಚ್ಚಿಯಲ್ಲಿ ನಡೆದ ಐಎಸ್‌ಎಲ್ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ಗೋಲು ಹೊಡೆದ ಮೊಹಮ್ಮದ್ ರಫಿ ಅಲ್ಲಿಯ ಹುಡುಗ. ಇಂಥ ಆಟಗಾರರನ್ನು ಕೊಟ್ಟ ಕಾಸರಗೋಡಿನಲ್ಲಿ ವೃತ್ತಿಪರ ಲೀಗ್ ನಡೆಯುವ ಅಂಗಣ ಇಲ್ಲ. ಹೀಗಾಗಿ ಇಲ್ಲಿನ ಹೆಚ್ಚಿನ ಅಭಿಮಾನಿಗಳಿಗೆ ಲೀಗ್ ಎಂದರೆ ಟಿವಿ ಪರದೆ ಮಾತ್ರ. ಒಮ್ಮೆಯಾದರೂ ಗ್ಯಾಲರಿಯಲ್ಲಿ ಕುಳಿತು ನೋಡಬೇಕೆಂಬ ಆಸೆ ಅವರಲ್ಲಿ ಹಲವರಿಗಿದೆ. ಖರ್ಚಿನ ಭಯವೇ ಅಡ್ಡಿ.

ಆ ಭಯ ಟಿಕೆಟ್‌ನದ್ದೇನೂ ಆಗಬೇಕಿಲ್ಲ. ಕಬಡ್ಡಿ ಮತ್ತು ಫುಟ್‌ಬಾಲ್ ಲೀಗ್‌ಗಳ ಸಾಮಾನ್ಯ ಗ್ಯಾಲರಿ ಟಿಕೆಟ್ ಕೆಲವು ನೂರು ರೂಪಾಯಿಯೊಳಗೆ ಸಿಗುವುದು ಅಪರೂಪವಲ್ಲ. ಜೇಬು ಖಾಲಿ ಮಾಡುವುದು ಲಾಡ್ಜ್, ಕೊನೆ ಗಳಿಗೆಯ ತತ್ಕಾಲ್ ಮತ್ತು ನಡುರಾತ್ರಿಯ ಆಟೊ. ಆದ್ದರಿಂದ ಯೋಜನೆ ಶುರುವಾಗಬೇಕಾದ್ದು ಮರಳುವ ರೈಲಿನಿಂದ.

ಎಲ್ಲಿಗೆ ಹೋಗಬಹುದು?

ಹತ್ತಿರದ್ದು ಕಣ್ಣೂರು. 2024ರಲ್ಲಿ ಆರು ತಂಡಗಳೊಂದಿಗೆ ಆರಂಭವಾದ ಸೂಪರ್ ಲೀಗ್ ಕೇರಳದಲ್ಲಿ ಕಣ್ಣೂರು ವಾರಿಯರ್ಸ್ ತಂಡವಿದೆ. ಮೊದಲ ವರ್ಷ ತನ್ನ ತವರು ಪಂದ್ಯಗಳನ್ನು ಕೋಯಿಕ್ಕೋಡಿನಲ್ಲಿ ಆಡಿದ ಈ ತಂಡ 2025ರಲ್ಲಿ ಸ್ವಂತ ಊರಿನ ಜವಾಹರ್ ಸ್ಟೇಡಿಯಂಗೆ ಬಂತು. ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದ ಮೈದಾನ ಅದು. ಮೊದಲ ಬಾರಿಗೆ ಹೊರಡುವವರಿಗೆ, ಅದರಲ್ಲೂ ಮಕ್ಕಳೊಂದಿಗೆ ಹೊರಡುವವರಿಗೆ, ಇದಕ್ಕಿಂತ ಸುಲಭದ್ದು ಬೇರೆ ಇಲ್ಲ. ಕೋಯಿಕ್ಕೋಡಿನ ಇಎಂಎಸ್ ಸ್ಟೇಡಿಯಂ ಇನ್ನೊಂದು ಆಯ್ಕೆ. ಕ್ಯಾಲಿಕಟ್ ಎಫ್‌ಸಿ ಹಾಗೂ 2020-21 ಮತ್ತು 2021-22ರ ಐ-ಲೀಗ್ ಚಾಂಪಿಯನ್ ಗೋಕುಲಂ ಕೇರಳ ಆಡುವ ಅಂಗಣವದು. ಮಾವೂರು ರಸ್ತೆಯ ಬಸ್ ನಿಲ್ದಾಣ ಅಲ್ಲಿಂದ ಹತ್ತಿರ.

ಕೊಚ್ಚಿಗೆ ಬ್ಲಾಸ್ಟರ್ಸ್ ಪಂದ್ಯಕ್ಕೆ ಹೋಗುವವರು ಎರ್ನಾಕುಳಂ ಜಂಕ್ಷನ್ ತನಕ ಹೋಗದೆ ಟೌನ್ ನಿಲ್ದಾಣದಲ್ಲಿಯೇ ಇಳಿಯುವುದು ಜಾಣತನ. ಪಕ್ಕದ ಟೌನ್ ಹಾಲ್‌ನಲ್ಲಿ ಮೆಟ್ರೊ ಹತ್ತಿದರೆ ಎರಡನೇ ಸ್ಟಾಪೇ ಕಲೂರಿನ ಜವಾಹರಲಾಲ್ ನೆಹರೂ ಸ್ಟೇಡಿಯಂ. ಬೆಂಗಳೂರಿನಲ್ಲಿ ಬೆಂಗಳೂರು ಎಫ್‌ಸಿ ಆಡುವ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಮೆಜೆಸ್ಟಿಕ್‌ನಿಂದ ಮೆಟ್ರೊದ ನೇರಳೆ ಮಾರ್ಗದಲ್ಲಿ ಮೂರನೇ ನಿಲ್ದಾಣ ಕಬ್ಬನ್ ಪಾರ್ಕ್.

ಕಬಡ್ಡಿಯದ್ದು ಬೇರೆಯೇ ಲೆಕ್ಕ. 2014ರಲ್ಲಿ ಶುರುವಾದ ಪ್ರೊ ಕಬಡ್ಡಿ ಊರಿಂದೂರಿಗೆ ತಿರುಗುವ ಲೀಗ್. ಹತ್ತನೇ ಸೀಸನ್ನಿನಲ್ಲಿ ಹನ್ನೆರಡು ತಂಡಗಳ ಊರಿಗೂ ಹೋಗಿತ್ತು. 2023ರ ಡಿಸೆಂಬರ್ 8ರಿಂದ 13ರವರೆಗೆ ಕಂಠೀರವ ಒಳಾಂಗಣದಲ್ಲಿ ಪಂದ್ಯಗಳಿದ್ದವು. ಮರುವರ್ಷ ಹೈದರಾಬಾದ್, ನೋಯ್ಡಾ, ಪುಣೆ. 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ. ಬೆಂಗಳೂರು ಬುಲ್ಸ್ ಅಭಿಮಾನಿಗಳಿಗೆ ಎರಡು ವರ್ಷ ತವರಿನಲ್ಲಿ ಒಂದೂ ಪಂದ್ಯ ಸಿಗಲಿಲ್ಲ, ಇದು ನಿಜಕ್ಕೂ ಬೇಸರದ ಸಂಗತಿ. ಆದರೆ ಕಾಸರಗೋಡಿನವರಿಗೆ ಚೆನ್ನೈ ಅಷ್ಟೇನೂ ಕಷ್ಟವಲ್ಲ. ಮಂಗಳೂರು–ಚೆನ್ನೈ ಮೇಲ್ ಮತ್ತು ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್ ಎರಡೂ ಇಲ್ಲಿಂದ ನೇರವಾಗಿ ಹೋಗುತ್ತವೆ. ಸೀಸನ್ ಘೋಷಣೆಯಾದ ದಿನ ಯಾವ ತಂಡ ಬಲಿಷ್ಠ ಎಂಬ ಚರ್ಚೆಗೆ ಮೊದಲು ಊರುಗಳ ಪಟ್ಟಿ ನೋಡಿ.

ರಗ್ಬಿಯ ಆಸಕ್ತಿ ಇರುವವರಿಗೂ ಈಗ ದಾರಿ ತೆರೆದಿದೆ. ಆಸ್ಟ್ರೇಲಿಯಾ, ಇಂಗ್ಲೆಂಡ್‌ಗಳಲ್ಲಿ ಜನ ಮುಗಿಬೀಳುವ ಹದಿಮೂರು ಮಂದಿಯ ರಗ್ಬಿ ಲೀಗ್ ನಮ್ಮಲ್ಲಿ ವೃತ್ತಿಪರವಾಗಿ ನಡೆಯುವುದಿಲ್ಲ. ಆದರೆ ಏಳು ಮಂದಿಯ ರಗ್ಬಿ ಪ್ರೀಮಿಯರ್ ಲೀಗ್ 2025ರ ಜೂನ್‌ನಲ್ಲಿ ಮುಂಬೈಯ ಅಂಧೇರಿ ಕ್ರೀಡಾ ಸಂಕೀರ್ಣದಲ್ಲಿ ಮೊದಲ ಬಾರಿಗೆ ನಡೆಯಿತು. ಬೆಂಗಳೂರು ಬ್ರೇವ್‌ಹಾರ್ಟ್ಸ್ ಸೇರಿ ಆರು ತಂಡಗಳಿದ್ದವು, ಚೆನ್ನೈ ಬುಲ್ಸ್ ಗೆದ್ದಿತು. ಎದುರಾಳಿಯನ್ನು ತಬ್ಬಿ ಕೆಡವುವ ಆ ಆಟ ಕಬಡ್ಡಿ ನೋಡಿ ಬೆಳೆದವರಿಗೆ ಬೇಗ ಒಗ್ಗುತ್ತದೆ. ಕಾಸರಗೋಡಿನಿಂದ ಮುಂಬೈಗೆ ನೇತ್ರಾವತಿ ಎಕ್ಸ್‌ಪ್ರೆಸ್ ಇದೆ. ಜೂನ್ ತಿಂಗಳಾದರೆ ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ನೋಡಿಕೊಳ್ಳದೆ ಹೊರಡಬಾರದು.

ಮರಳುವ ಲೆಕ್ಕ

ಫುಟ್‌ಬಾಲ್ ಪಂದ್ಯ ಸಂಜೆ ಏಳೂವರೆಗೆ ಶುರುವಾದರೆ ಮುಗಿಯುವಾಗ ಒಂಬತ್ತೂವರೆ. ಕೊಚ್ಚಿಯಿಂದ ಮರಳಲು ಮಲಬಾರ್ ಎಕ್ಸ್‌ಪ್ರೆಸ್ ಅಥವಾ ಮಾವೇಲಿ ಎಕ್ಸ್‌ಪ್ರೆಸ್ ಅನುಕೂಲ. ತಿರುವನಂತಪುರದಿಂದ ರಾತ್ರಿ ಬರುವ ಇವು ಬೆಳಿಗ್ಗೆ ಕಾಸರಗೋಡು ತಲುಪಿಸುತ್ತವೆ, ಲಾಡ್ಜ್ ಖರ್ಚು ಉಳಿಯುತ್ತದೆ. ಮಲಬಾರ್ ಟೌನ್ ನಿಲ್ದಾಣಕ್ಕೆ ಬರುತ್ತದೆ, ಮಾವೇಲಿ ಜಂಕ್ಷನ್‌ಗೆ. ಅದಲು ಬದಲಾದರೆ ರೈಲು ತಪ್ಪೀತು.

ಬೆಂಗಳೂರಿಗೆ ಹೋದವರು ಎಡವುವುದು ಈ ಮರಳುವ ಲೆಕ್ಕದಲ್ಲೇ. ಕಣ್ಣೂರು–ಬೆಂಗಳೂರು ಎಕ್ಸ್‌ಪ್ರೆಸ್‌ನಲ್ಲಿ ಸಂಜೆ ಹತ್ತಿದರೆ ಬೆಳಿಗ್ಗೆ ಮೆಜೆಸ್ಟಿಕ್ ಸೇರಬಹುದು. ಆದರೆ ಮರಳುವ ರೈಲು ಬೆಂಗಳೂರು ಬಿಡುವುದು ರಾತ್ರಿ ಒಂಬತ್ತು–ಹತ್ತರ ನಡುವೆ. ಪ್ರೊ ಕಬಡ್ಡಿ ಮತ್ತೆ ಅಲ್ಲಿಗೆ ಬಂದು, ದಿನದ ಎರಡು ಪಂದ್ಯಗಳು ಎಂಟು ಮತ್ತು ಒಂಬತ್ತು ಗಂಟೆಗೆ ಇದ್ದರೆ ಎರಡನೆಯದು ಪೂರ್ತಿ ನೋಡಿ ಆ ರೈಲು ಹಿಡಿಯುವುದು ಆಗದ ಮಾತು. ಹೋಗುವುದು ರೈಲಿನಲ್ಲಿ, ಬರುವುದು ಮಂಗಳೂರು ಕಡೆಗೆ ತಡವಾಗಿ ಹೊರಡುವ ರಾತ್ರಿ ಬಸ್ಸಿನಲ್ಲಿ ಎಂದಿಟ್ಟುಕೊಂಡರೆ ಆಟ ಅರ್ಧಕ್ಕೆ ಬಿಟ್ಟು ಓಡಬೇಕಾಗಿಲ್ಲ.

2024ರ ನವೆಂಬರ್ 1ರಿಂದ ರೈಲು ಮುಂಗಡ ಬುಕಿಂಗ್ ಅವಧಿ 60 ದಿನ. ಲೀಗ್ ವೇಳಾಪಟ್ಟಿ ಬರುವಾಗ ಅನೇಕ ಸಲ ಅದಕ್ಕಿಂತ ಕಡಿಮೆ ದಿನ ಉಳಿದಿರುತ್ತದೆ. ಹಾಗಾಗಿ ವೇಳಾಪಟ್ಟಿ ಕಂಡ ದಿನವೇ ಸ್ಲೀಪರ್ ಕಾದಿರಿಸಬೇಕು. ಪಂದ್ಯದ ಟಿಕೆಟ್ ಮಾರಾಟ ಶುರುವಾಗುವುದು ಅದರ ನಂತರವೇ. ಟಿಕೆಟ್ ಸಿಗದಿದ್ದರೆ ರೈಲು ಬುಕಿಂಗ್ ರದ್ದು ಮಾಡಬಹುದು, ಬೇಗ ಮಾಡಿದಷ್ಟೂ ಕಡಿತ ಕಡಿಮೆ.

ಟಿಕೆಟ್ ಕೊಳ್ಳುವಾಗ

ಟಿಕೆಟ್ ಮಾರುವ ಆಪ್ ಪ್ರತಿ ಸೀಸನ್ನಿಗೂ ಬದಲಾಗಬಹುದು. ಪೇಟಿಎಂ ಇನ್‌ಸೈಡರನ್ನು ಜೊಮ್ಯಾಟೊ 2024ರಲ್ಲಿ ಕೊಂಡ ಬಳಿಕ ಆ ವ್ಯವಹಾರ ಡಿಸ್ಟ್ರಿಕ್ಟ್ ಆಪ್‌ಗೆ ಹೋಯಿತು. ಬುಕ್‌ಮೈಶೋ ಕೂಡ ಕಣದಲ್ಲಿದೆ. ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡ ಲಿಂಕ್ ಒತ್ತುವ ಬದಲು ತಂಡದ ಅಧಿಕೃತ ಪುಟದಲ್ಲಿ ಕೊಟ್ಟ ಲಿಂಕ್‌ನಿಂದಲೇ ಹೋಗಬೇಕು.

ಬೆಲೆ ನೋಡುವಾಗ 500 ರೂಪಾಯಿಯ ಗೆರೆ ನೆನಪಿರಲಿ. ತಲಾ 500 ರೂಪಾಯಿವರೆಗಿನ ಕ್ರೀಡಾ ಟಿಕೆಟ್‌ಗೆ ಜಿಎಸ್‌ಟಿ ವಿನಾಯಿತಿ ಇದೆ. ಅದನ್ನು ದಾಟಿದರೆ ತೆರಿಗೆ ಬೀಳುತ್ತದೆ. ತೆರಿಗೆ ಪ್ರತ್ಯೇಕವಾಗಿ ಸೇರುವುದಾದರೆ, ಶೇಕಡಾ 18ರ ಲೆಕ್ಕದಲ್ಲೇ 599 ರೂಪಾಯಿಯ ಟಿಕೆಟ್ 700 ದಾಟುತ್ತದೆ. ಆಪ್‌ನ ಕನ್ವೀನಿಯನ್ಸ್ ಫೀ ಬೇರೆ. ಮೊದಲ ಪುಟದ ಬೆಲೆ ನಂಬದೆ ಹಣ ಕಟ್ಟುವ ಪುಟದ ಮೊತ್ತವನ್ನು ಹೋಲಿಸಿ ನೋಡಿ.

ದುಬಾರಿ ಸೀಟೇ ಒಳ್ಳೆಯ ಸೀಟು ಎಂಬುದು ಕಬಡ್ಡಿಯಲ್ಲಂತೂ ನಿಜವಲ್ಲ. ಪುರುಷರ ಮ್ಯಾಟ್ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಳಾಂಗಣ ಚಿಕ್ಕದು, ಮೇಲಿನ ಸಾಲಿನಿಂದಲೂ ಆಟ ದೂರವೆನಿಸುವುದಿಲ್ಲ. ಅಷ್ಟೇ ಅಲ್ಲ, ರೈಡರ್ ಬೋನಸ್ ಗೆರೆಯತ್ತ ಕಾಲು ಚಾಚುವಾಗ ಮೂಲೆಯ ಡಿಫೆಂಡರ್ ಹೇಗೆ ಸದ್ದಿಲ್ಲದೆ ಹಿಂದಿನಿಂದ ಸರಿಯುತ್ತಾನೆ, ಕೈ ಕೈ ಹಿಡಿದ ಜೋಡಿ ಯಾವಾಗ ಮುಚ್ಚಿಕೊಳ್ಳುತ್ತದೆ ಎಂಬುದು ಮೇಲಿನಿಂದಲೇ ಸ್ಪಷ್ಟ. ಮುಂದಿನ ಸಾಲಿನಲ್ಲಿ ಮೈ ಬಿದ್ದ ಸದ್ದು ಕೇಳುತ್ತದೆ, ಆದರೆ ಅಡ್ಡ ನಿಂತವರ ಬೆನ್ನೇ ಕಾಣುವುದು ಹೆಚ್ಚು. ಕಡಿಮೆ ಬೆಲೆಯಲ್ಲಿ ಉದ್ದ ಬದಿಯ ಮೇಲಿನ ಸಾಲು ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಬಹುದು. ಫುಟ್‌ಬಾಲ್‌ಗೆ ಗೋಲ್ ಹಿಂದಿನ ಗ್ಯಾಲರಿ ಅಗ್ಗ, ಗದ್ದಲವೂ ಅಲ್ಲೇ. ಮಕ್ಕಳಿದ್ದರೆ ಬದಿಯ ಗ್ಯಾಲರಿ ಒಳ್ಳೆಯದು.

ಯಾವ ತಂಡದವರ ನಡುವೆ ಕೂರುತ್ತೀರಿ ಎಂಬುದೂ ಮುಖ್ಯ. ಕನ್ನಡ, ಮಲಯಾಳ ಎರಡನ್ನೂ ಬಳಸುವ ಈ ಜಿಲ್ಲೆಯಲ್ಲಿ ಅಣ್ಣ ಬೆಂಗಳೂರು ಎಫ್‌ಸಿ, ತಮ್ಮ ಬ್ಲಾಸ್ಟರ್ಸ್ ಆಗಿರುವ ಮನೆಗಳುಂಟು. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದಾಗ ಬ್ಲಾಸ್ಟರ್ಸ್ ಆಟಗಾರರು ಮೈದಾನ ಬಿಟ್ಟು ಹೊರನಡೆದ ಮೇಲೆ ಈ ಪೈಪೋಟಿ ಇನ್ನಷ್ಟು ಬಿಸಿಯಾಗಿದೆ. ಬೆಂಗಳೂರಿನಲ್ಲಿ ಬ್ಲಾಸ್ಟರ್ಸ್ ತಂಡದ ಹಳದಿ ಜೆರ್ಸಿ ತೊಡುವವರು ಎದುರಾಳಿ ಅಭಿಮಾನಿಗಳಿಗೆ ಮೀಸಲಾದ ಸ್ಟ್ಯಾಂಡ್‌ನ ಟಿಕೆಟ್ಟನ್ನೇ ಕೊಳ್ಳಲಿ.

ಟಿಕೆಟ್ ಮುಗಿದ ಮೇಲೆ ವಾಟ್ಸ್‌ಆಪ್, ಟೆಲಿಗ್ರಾಂ ಗುಂಪುಗಳಲ್ಲಿ ಮಾರಾಟಕ್ಕೆ ಬರುವ ಕ್ಯೂಆರ್ ಕೋಡ್ ಚಿತ್ರ ಕೊಳ್ಳಲೇಬೇಡಿ. ಒಂದೇ ಚಿತ್ರವನ್ನು ಹತ್ತು ಜನರಿಗೆ ಮಾರಬಹುದು; ಗೇಟಿನಲ್ಲಿ ಮೊದಲು ಸ್ಕ್ಯಾನ್ ಆದವರಿಗಷ್ಟೇ ಪ್ರವೇಶ. ಹಣ ಕಳೆದುಕೊಂಡವರು ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಪಂದ್ಯದ ದಿನ

ಗೇಟಿನ ಬಳಿ ಸಾವಿರಾರು ಫೋನ್‌ಗಳು ಸೇರಿದಾಗ ನೆಟ್‌ವರ್ಕ್ ನಿಧಾನವಾಗುತ್ತದೆ. ಟಿಕೆಟ್ ತೆರೆದಿಟ್ಟುಕೊಂಡೇ ಸಾಲಿಗೆ ನಿಲ್ಲಿ. ಗುಂಪಿನಲ್ಲಿ ಹೋದವರು ಎಲ್ಲರ ಟಿಕೆಟ್ಟನ್ನೂ ಒಬ್ಬರ ಫೋನಿನಲ್ಲಿ ಉಳಿಸಿಕೊಂಡರೆ ಆ ಒಬ್ಬರು ಬರುವ ತನಕ ಉಳಿದವರು ಹೊರಗೇ. ನೀರಿನ ಬಾಟಲಿ, ನಾಣ್ಯ, ಹೆಲ್ಮೆಟ್, ಕೊಡೆ ಒಳಗೆ ಬಿಡದಿರುವುದು ಸಾಮಾನ್ಯ. ದೂರದಿಂದ ಬಂದವರು ದೊಡ್ಡ ಬ್ಯಾಗನ್ನು ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿಟ್ಟು ಬರುವುದು ಸರಿ. ಮಕ್ಕಳಿಗೆ ಎಷ್ಟು ವಯಸ್ಸಿನಿಂದ ಟಿಕೆಟ್ ಬೇಕು ಎಂಬುದು ಒಂದೊಂದು ಲೀಗ್‌ನಲ್ಲಿ ಒಂದೊಂದು ರೀತಿ, ಬುಕಿಂಗ್ ಪುಟದ ಷರತ್ತುಗಳಲ್ಲಿ ಬರೆದಿರುತ್ತದೆ.

ಅಷ್ಟು ದೂರ ಹೋಗಲಾಗದವರಿಗೆ ಮಲಬಾರಿನ ಸೆವೆನ್ಸ್ ಇದ್ದೇ ಇದೆ. ನವೆಂಬರ್‌ನಿಂದ ಮೇವರೆಗೆ ನಡೆಯುವ ಈ ಏಳು ಮಂದಿಯ ಫುಟ್‌ಬಾಲ್‌ನಲ್ಲಿ ಆಫ್ರಿಕಾದ ಆಟಗಾರರೂ ಸಂಭಾವನೆ ಪಡೆದು ಆಡುತ್ತಾರೆ. ತಾತ್ಕಾಲಿಕ ಗ್ಯಾಲರಿ ಕಟ್ಟಿ ನಡೆಸುವ ದೊಡ್ಡ ಟೂರ್ನಿಗಳಲ್ಲಿ ಟಿಕೆಟ್ ಗೇಟಿನಲ್ಲೇ ಸಿಗುತ್ತದೆ. ಸೆಮಿಫೈನಲ್, ಫೈನಲ್ ದಿನ ಬೇಗ ಹೋಗಬೇಕು, ಆರಂಭದ ಸುತ್ತುಗಳ ದಿನಗಳಲ್ಲಿ ಆಟ ಶುರುವಾಗುವ ಹೊತ್ತಿಗೆ ಹೋದರೂ ಜಾಗ ಸಿಗುವುದುಂಟು.