ಅಮಲು ಮತ್ತು ಅಮಾನತ್

ರೈಲು ಹತ್ತಿದವನು ಚಾಲಕನ ಮುಖವನ್ನೂ ನೋಡಿರುವುದಿಲ್ಲ. ಆದರೂ ಮಡದಿ ಮಕ್ಕಳೊಂದಿಗೆ ನಿಶ್ಚಿಂತೆಯಿಂದ ನಿದ್ರಿಸುತ್ತಾನೆ. ನೂರಾರು ಜೀವಗಳು ಒಬ್ಬನ ಎಚ್ಚರಕ್ಕೆ ಒಪ್ಪಿಸಲಾದ ಅಮಾನತ್ ಆಗಿವೆ.

1989ರ ನಮ್ಮ ರೈಲ್ವೆ ಕಾಯ್ದೆಯು 172ನೇ ಕಲಮಿನಲ್ಲಿ, ಕರ್ತವ್ಯದ ವೇಳೆ ಅಮಲಿನಲ್ಲಿರುವ ನೌಕರನಿಗೆ 500 ರೂಪಾಯಿಯವರೆಗೆ ದಂಡ ವಿಧಿಸಿತು. ಅದರಿಂದ ಪ್ರಯಾಣಿಕರ ಪ್ರಾಣಕ್ಕೆ ಅಪಾಯವಿದ್ದರೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ ಎಂದಿತು. ಅಪರಾಧದ ಗಾತ್ರಕ್ಕೆ ಈ ಮೊತ್ತ ಅಲ್ಪವೆಂದೇ ಹೇಳಬೇಕು. ಬ್ರಿಟನ್ 1992ರ ತನ್ನ ಕಾನೂನಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನೌಕರನು ಅಮಲಿನಲ್ಲಿ ಕೆಲಸ ಮಾಡದಂತೆ ತಕ್ಕ ಎಚ್ಚರ ವಹಿಸದ ಸಂಸ್ಥೆಯನ್ನೂ ಅದು ಅಪರಾಧಿಯೆಂದಿತು.

“ಸಾರಾಯಿ ಮುಟ್ಟುವುದಿಲ್ಲ, ಗಾಂಜಾ ಮಾತ್ರ” ಎನ್ನುವವರಿದ್ದಾರೆ. 1987ರ ಜನವರಿ 4ರಂದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಚೇಸ್ ಎಂಬಲ್ಲಿ ಒಬ್ಬ ಚಾಲಕ ಸಿಗ್ನಲ್ ಮೀರಿ ತನ್ನ ಎಂಜಿನ್‌ಗಳನ್ನು ಪ್ರಯಾಣಿಕರ ರೈಲಿನ ಹಾದಿಗೆ ತಂದ. 16 ಮಂದಿ ಸತ್ತರು. ಅವನು ಸೇದಿದ್ದುದು ಗಾಂಜಾ. ಜೊತೆಗಿದ್ದ ಸಹೋದ್ಯೋಗಿಯೂ ಸೇದಿದ್ದ. ಬುದ್ಧಿಯನ್ನು ಮುಸುಕುವುದೆಲ್ಲವೂ ಖಮ್ರ್ ಎಂದು ಹಝ್ರತ್ ಉಮರ್(ರ) ಎಂದೋ ಹೇಳಿದ್ದರು. ಹೆಚ್ಚು ಸೇವಿಸಿದರೆ ಅಮಲೇರಿಸುವ ವಸ್ತು ಸ್ವಲ್ಪವಾದರೂ ಹರಾಮ್ ಎಂಬುದು ಪ್ರವಾದಿ(ಸ)ಯವರ ಬೋಧನೆ. ಸಂಪೂರ್ಣ ನಿಷೇಧ (ಅಲ್ ಮಾಇದಃ: 90) ಬರುವುದಕ್ಕೆ ಮುಂಚೆಯೇ, ಅಮಲಿನಲ್ಲಿ ನಮಾಝ್‌ನ ಹತ್ತಿರ ಸುಳಿಯಬಾರದೆಂಬ ಆಜ್ಞೆ ಬಂದಿತ್ತು (ಅನ್ನಿಸಾ: 43). ತಾನೇನು ನುಡಿಯುತ್ತಿದ್ದೇನೆಂದು ಅರಿಯದವನಿಗೆ ನಮಾಝೇ ಸಲ್ಲದೆಂದ ಮೇಲೆ, ಅಂಥವನ ಕೈಗೆ ಎಂಜಿನ್ ಸಲ್ಲುವುದೇ?

ಆದರೆ ಪ್ರಶ್ನೆ ಕುಡಿದವನದ್ದು ಮಾತ್ರವಲ್ಲ. ಗಂಡ ರಾತ್ರಿ ಕುಡಿದು, ಬೆಳಗ್ಗೆ ಡ್ಯೂಟಿಗೆ ಹೊರಟಿದ್ದಾನೆ. ಹೆಂಡತಿ ಬಾಯಿ ತೊಳೆಸಿ, ಏಲಕ್ಕಿ ಜಗಿಯಲು ಕೊಟ್ಟು ಕಳುಹಿಸುತ್ತಾಳೆ. ಸಂಬಳ ನಿಂತರೆ ಮಕ್ಕಳ ಗತಿಯೇನೆಂಬ ಅವಳ ಭಯ ಸುಳ್ಳಲ್ಲ. ಸಹೋದರನ ಕುಂದನ್ನು ಮರೆಮಾಚುವುದು ಪುಣ್ಯವಲ್ಲವೇ ಎಂದೂ ಅವಳು ಕೇಳಬಹುದು. ಹೌದು, ಅವನ ಕುಂದು ಅವನಿಗಷ್ಟೇ ಹಾನಿ ಮಾಡುವಾಗ. ಹಡಗಿನ ಕೆಳಅಂತಸ್ತಿನವರು ನೀರಿಗಾಗಿ ತಮ್ಮ ಪಾಲಿನ ಜಾಗದಲ್ಲಿ ತೂತು ಕೊರೆಯಲು ಹೊರಟರೆ, ಮೇಲಿನವರು ಕೈ ಹಿಡಿದು ತಡೆಯದಿದ್ದಲ್ಲಿ ಎಲ್ಲರೂ ಮುಳುಗುವರೆಂಬ ಉಪಮೆಯನ್ನು ಪ್ರವಾದಿ(ಸ)ಯವರು ನೀಡಿದ್ದಾರೆ (ಬುಖಾರಿ). ಅಕ್ರಮಿಯಾದ ಸಹೋದರನಿಗೆ ಮಾಡುವ ಸಹಾಯವೆಂದರೆ ಅವನ ಕೈ ತಡೆಯುವುದೇ ಎಂದೂ ಕಲಿಸಿದ್ದಾರೆ.

ಆದ್ದರಿಂದ ಮೊದಲು ಅವನಿಗೇ ತಿಳಿಹೇಳಿ ಅಂದು ರಜೆ ಹಾಕಿಸಬೇಕು. ಕೇಳದಿದ್ದರೆ ರೈಲು ಹೊರಡುವ ಮುನ್ನವೇ ಮೇಲಧಿಕಾರಿಗೆ ತಿಳಿಸಬೇಕು. ಇದು ಗೀಬತ್ (ಪರದೂಷಣೆ) ಅಲ್ಲ. ಇತರರನ್ನು ಕೇಡಿನಿಂದ ಎಚ್ಚರಿಸುವುದನ್ನು ಇಮಾಮ್ ನವವಿ(ರಹ್) ಗೀಬತ್‌ಗೆ ಇರುವ ವಿನಾಯಿತಿಗಳಲ್ಲಿಯೇ ಎಣಿಸಿದ್ದಾರೆ.